ಜಾವಾ ಸರ್ವರ್ ಮೂರು ದಿನಕ್ಕೊಮ್ಮೆ ಬೀಳುತ್ತಿದೆಯೇ? ರೀಸ್ಟಾರ್ಟ್ ಒತ್ತುವ ಮೊದಲು ಇಷ್ಟು ಮಾಡಿ

ನವೆಂಬರ್ ತಿಂಗಳು, ಅಡಿಕೆ ಕೊಯ್ಲು ಜೋರಾಗಿತ್ತು. ಶಿವಮೊಗ್ಗದ ನಮ್ಮ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತೀರ್ಥಹಳ್ಳಿಯಿಂದ ಫೋನ್ ಬಂತು. "ಎಂತ ಮಾರಾಯ್ರೆ, ನಿಮ್ಮ ಸಾಫ್ಟ್‌ವೇರ್ ಮತ್ತೆ ಮಲಗ್ತಲ್ಲ! ಇಲ್ಲಿ ಜನ ಸಾಲಾಗಿ ನಿಂತಿದಾರೆ."

ನಮ್ಮದು ಮೂರು ಜನರ ಪುಟ್ಟ ತಂಡ. ಅಡಿಕೆ ವ್ಯಾಪಾರದ ಒಂದು ಸಂಸ್ಥೆಗೆ ತೂಕ, ದರ, ಬಿಲ್ಲು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಮೇಲೆ ಓಡುವ ಜಾವಾ, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಮಳೆಗಾಲವಿಡೀ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಸೀಸನ್ ಶುರುವಾಗಿದ್ದೇ ತಡ, ಮೂರು ದಿನಕ್ಕೊಮ್ಮೆ ಬೀಳತೊಡಗಿತು. ನಾನು ಪ್ರತಿ ಸಲವೂ ರೀಸ್ಟಾರ್ಟ್ ಮಾಡಿ ಊಟ ಮುಂದುವರಿಸುತ್ತಿದ್ದೆ. ಐದನೇ ಸಲಕ್ಕೆ ಬುದ್ಧಿ ಬಂತು. ಪ್ರೋಸೆಸ್ ಸತ್ತರೆ ಅದರ ಮೆಮೊರಿಯೂ ಹೋಗುತ್ತದೆ, ಅದರಲ್ಲಿದ್ದ ಸಾಕ್ಷಿಯೂ ಹೋಗುತ್ತದೆ. ಐದು ಸಲವೂ ಸಾಕ್ಷಿ ಅಳಿಸಿದ್ದು ನಾನೇ!

ಆಮೇಲೆ ಕಲಿತದ್ದನ್ನು ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಹೆಜ್ಜೆ 1: ಸತ್ತಿದೆಯೋ, ಉಸಿರು ಕಟ್ಟಿದೆಯೋ ನೋಡಿ

"ಕ್ರ್ಯಾಶ್ ಆಯ್ತು" ಎಂದು ಫೋನಿನಲ್ಲಿ ಹೇಳುವವರಿಗೆ ಎಲ್ಲವೂ ಕ್ರ್ಯಾಶೇ. ನಮಗೆ ಹಾಗಲ್ಲ. ಮೊದಲು ಜೆಪಿಎಸ್ ಅಂತ ಹೊಡೆದು ಜಾವಾ ಪ್ರೋಸೆಸ್ ಇನ್ನೂ ಇದೆಯೇ ನೋಡಿ.

ಪ್ರೋಸೆಸ್ ಇದೆ, ಆದರೆ ಪುಟ ತೆರೆಯುತ್ತಿಲ್ಲ ಎಂದರೆ ನಿಮ್ಮ ಅದೃಷ್ಟ. ಸಾಕ್ಷಿ ಇನ್ನೂ ಜೀವಂತ. ಲಾಗ್‌ನಲ್ಲಿ ಔಟ್‌ಆಫ್‌ಮೆಮೊರಿಎರರ್ ಇದೆಯೇ ಹುಡುಕಿ.

ಪ್ರೋಸೆಸ್ ಇಲ್ಲ, ಜಾವಾ ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ ಎಂದರೆ ಕೊಂದದ್ದು ಲಿನಕ್ಸ್ ಇರಬಹುದು. ಮೆಷಿನ್‌ನ ರ‍್ಯಾಮ್ ಪೂರ್ತಿ ಮುಗಿದಾಗ ಕರ್ನಲ್ ತಾನು ಬದುಕಲು ಒಂದು ಪ್ರೋಸೆಸ್ ಆರಿಸಿ ಕೊಲ್ಲುತ್ತದೆ. ಹೆಚ್ಚಾಗಿ ದೊಡ್ಡ ಮೆಮೊರಿ ಹಿಡಿದವನೇ ಬಲಿ, ಅಂದರೆ ನಮ್ಮ ಜಾವಾ. ಡಿಮೆಸ್‌ಜಿ ಹೊಡೆದು "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್" ಎಂಬ ಸಾಲು ಹುಡುಕಿ. ಡಾಕರ್ ಕಂಟೇನರ್ ಆಗಿದ್ದರೆ ಎಕ್ಸಿಟ್ ಕೋಡ್ 137 ಎಂದು ಕಾಣುತ್ತದೆ. 128ಕ್ಕೆ 9 ಕೂಡಿದರೆ 137. ಆ 9 ಎಂದರೆ ಕಿಲ್ ಸಿಗ್ನಲ್. ಇಂಥ ಸಾವಿಗೆ ಜಾವಾ ಕೋಡ್‌ನಲ್ಲಿ ತಪ್ಪೇ ಇರಬೇಕೆಂದಿಲ್ಲ. 4 ಜಿಬಿ ಮೆಷಿನ್‌ನಲ್ಲಿ ಜಾವಾಕ್ಕೆ ಮೆಮೊರಿ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಫ್ಲ್ಯಾಗನ್ನೂ 4 ಜಿಬಿ ಇಟ್ಟು, ಪಕ್ಕದಲ್ಲಿ ಮೈಎಸ್‌ಕ್ಯೂಎಲ್ ಕೂರಿಸಿದರೆ ಸಾಕು. ಎಕ್ಸ್‌ಎಂಎಕ್ಸ್ ಹೇಳುವುದು ಹೀಪ್‌ನ, ಅಂದರೆ ಜಾವಾ ಆಬ್ಜೆಕ್ಟ್‌ಗಳು ಕೂರುವ ಜಾಗದ, ಮಿತಿ ಮಾತ್ರ. ಥ್ರೆಡ್‌ಗಳ ಸ್ಟ್ಯಾಕ್, ಮೆಟಾಸ್ಪೇಸ್, ಕೋಡ್ ಕ್ಯಾಶ್, ಡೈರೆಕ್ಟ್ ಬಫರ್ ಎಲ್ಲ ಅದರ ಹೊರಗೆ. 64 ಬಿಟ್ ಲಿನಕ್ಸ್‌ನಲ್ಲಿ ಒಂದೊಂದು ಥ್ರೆಡ್‌ಗೆ ಸಾಮಾನ್ಯವಾಗಿ 1 ಎಂಬಿ ಸ್ಟ್ಯಾಕ್ ಮೀಸಲು.

ಮೂರನೆಯದು ಅಪರೂಪ. ಕೆಲಸದ ಡೈರೆಕ್ಟರಿಯಲ್ಲಿ ಎಚ್‌ಎಸ್_ಎರ್_ಪಿಐಡಿ ಎಂದು ಶುರುವಾಗುವ ಲಾಗ್ ಫೈಲ್ ಬಿದ್ದಿದ್ದರೆ ಜಾವಾ ಓಡಿಸುವ ಜೆವಿಎಂ ತಾನೇ ಕುಸಿದಿದೆ ಎಂದರ್ಥ. ಫೈಲಿನ ಮೇಲ್ಭಾಗದಲ್ಲಿ "ಪ್ರಾಬ್ಲಮ್ಯಾಟಿಕ್ ಫ್ರೇಮ್" ಎಂಬ ಸಾಲಿದೆ. ಅಲ್ಲಿ ಯಾವುದಾದರೂ ನೇಟಿವ್ ಲೈಬ್ರರಿಯ ಹೆಸರಿದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಜೆಡಿಕೆ ಹಳೆಯದಾಗಿದ್ದರೆ ಅದೇ ಸಾಲಿನ ಹೊಸ ಅಪ್‌ಡೇಟ್ ಹಾಕಿ ನೋಡಿ.

ಹೆಜ್ಜೆ 2: ಎರರ್‌ನ ಬಾಲ ಓದಿ

ಔಟ್‌ಆಫ್‌ಮೆಮೊರಿಎರರ್ ಎಂದು ನೋಡಿದ ಕೂಡಲೇ ಎಕ್ಸ್‌ಎಂಎಕ್ಸ್ ಜಾಸ್ತಿ ಮಾಡುವವರೇ ಹೆಚ್ಚು. ನಾನೂ ಮಾಡಿದ್ದೆ. ಮೂರು ದಿನಕ್ಕೆ ಬೀಳುತ್ತಿದ್ದದ್ದು ಆರು ದಿನಕ್ಕೆ ಬಿತ್ತು, ಅಷ್ಟೇ. ಎರರ್ ಹೆಸರಿನ ಮುಂದಿನ ಮಾತೇ ಮುಖ್ಯ.

"ಜಾವಾ ಹೀಪ್ ಸ್ಪೇಸ್" ಎಂದಿದ್ದರೆ ಆಬ್ಜೆಕ್ಟ್‌ಗಳಿಗೆ ಜಾಗ ಇಲ್ಲ. "ಜಿಸಿ ಓವರ್‌ಹೆಡ್ ಲಿಮಿಟ್ ಎಕ್ಸೀಡೆಡ್" ಎಂದರೂ ಹೆಚ್ಚುಕಡಿಮೆ ಅದೇ ಕಥೆ. ಶೇಕಡಾ 98ಕ್ಕಿಂತ ಹೆಚ್ಚು ಸಮಯ ಕಸ ಗುಡಿಸುವುದರಲ್ಲೇ (ಗಾರ್ಬೇಜ್ ಕಲೆಕ್ಷನ್, ಅಂದರೆ ಜಿಸಿ) ಹೋಗಿ, ಖಾಲಿಯಾಗಿದ್ದು ಹೀಪ್‌ನ ಶೇಕಡಾ 2ಕ್ಕಿಂತ ಕಡಿಮೆ ಎಂದರ್ಥ. "ಮೆಟಾಸ್ಪೇಸ್" ಎಂದಿದ್ದರೆ ಕ್ಲಾಸ್‌ಗಳ ವಿವರ ತುಂಬಿದೆ. ಸರ್ವರ್ ನಿಲ್ಲಿಸದೆ ಪದೇ ಪದೇ ಅಪ್ಲಿಕೇಶನ್ ಬದಲಿಸುವ (ರೀಡಿಪ್ಲಾಯ್) ಟಾಮ್‌ಕ್ಯಾಟ್‌ನಲ್ಲಿ ಇದು ಮಾಮೂಲು. ಜಾವಾ 8ಕ್ಕಿಂತ ಮೊದಲು ಇದೇ ಕಾಯಿಲೆಗೆ ಪರ್ಮ್‌ಜೆನ್ ಎಂಬ ಹೆಸರಿತ್ತು. "ಅನೇಬಲ್ ಟು ಕ್ರಿಯೇಟ್ ನೇಟಿವ್ ಥ್ರೆಡ್" ಎಂದಿದ್ದರೆ ಹೀಪ್ ಹೆಚ್ಚಿಸಲೇಬೇಡಿ, ಹೆಚ್ಚಿಸಿದಷ್ಟೂ ಥ್ರೆಡ್‌ಗಳಿಗೆ ಜಾಗ ಕಡಿಮೆ. ಯಾರೋ ಪ್ರತಿ ರಿಕ್ವೆಸ್ಟ್‌ಗೂ ಹೊಸ ಥ್ರೆಡ್ ಪೂಲ್ ಹುಟ್ಟಿಸಿ ಮುಚ್ಚದೆ ಬಿಟ್ಟಿದ್ದಾರಾ ನೋಡಿ. ಜೊತೆಗೆ ಯೂಲಿಮಿಟ್, ಅಂದರೆ ಆ ಯೂಸರ್‌ಗೆ ಲಿನಕ್ಸ್ ಇಟ್ಟ ಮಿತಿ, ಎಷ್ಟಿದೆ ಎಂದೂ ನೋಡಿ.

ಇನ್ನು ಎರರ್ ಕೆಳಗಿನ ಸ್ಟ್ಯಾಕ್ ಟ್ರೇಸ್, ಅಂದರೆ ಎರರ್ ಬಂದಾಗ ಯಾವ ಕೋಡ್ ಓಡುತ್ತಿತ್ತು ಎಂಬ ಪಟ್ಟಿ. ಹೀಪ್ ತುಂಬಿದಾಗ ಅದನ್ನು ಪೂರ್ತಿ ನಂಬಬೇಡಿ. ಬಸ್‌ಸ್ಟ್ಯಾಂಡಿನಲ್ಲೇ ತುಂಬಿದ ಬಸ್ಸಿಗೆ ದಾರಿಯಲ್ಲಿ ಒಬ್ಬ ಕೊನೆಗೆ ಹತ್ತುತ್ತಾನೆ, ಫುಟ್‌ಬೋರ್ಡಿನಲ್ಲಿ ನಿಂತ ಅವನಿಗೇ ಕಂಡಕ್ಟರ್ ಬೈಯುತ್ತಾನೆ. ಸ್ಟ್ಯಾಕ್ ಟ್ರೇಸ್‌ನಲ್ಲಿ ಕಾಣುವುದು ಆ ಕೊನೆಯವನು. ನಮ್ಮ ಲಾಗ್ ಒಂದು ದಿನ ಬಿಲ್ ಪ್ರಿಂಟ್ ಮಾಡುವ ಕೋಡ್ ತೋರಿಸಿತು, ಇನ್ನೊಂದು ದಿನ ಲಾಗಿನ್ ಪುಟ ತೋರಿಸಿತು. ಎರಡರಲ್ಲೂ ತಪ್ಪಿರಲಿಲ್ಲ.

ಹೆಜ್ಜೆ 3: ಮುಂದಿನ ಸಾವಿಗೆ ಮೊದಲೇ ತಯಾರಾಗಿ

ಇದು ಇವತ್ತೇ ಮಾಡಬೇಕಾದ ಕೆಲಸ, ನಿಮ್ಮ ಅಪ್ಲಿಕೇಶನ್ ಆರೋಗ್ಯವಾಗಿದ್ದರೂ ಸರಿ. ಟಾಮ್‌ಕ್ಯಾಟ್‌ನ ಬಿನ್ ಡೈರೆಕ್ಟರಿಯಲ್ಲಿ ಸೆಟ್‌ಎನ್ವ್ ಎಂಬ ಶೆಲ್ ಫೈಲ್ ಮಾಡಿ, ಅದರ ಕ್ಯಾಟಲಿನಾ_ಆಪ್ಟ್ಸ್‌ನಲ್ಲಿ ಈ ಫ್ಲ್ಯಾಗ್ ಸೇರಿಸಿ:

-ಎಕ್ಸ್‌ಎಕ್ಸ್:+ಹೀಪ್‌ಡಂಪ್‌ಆನ್‌ಔಟ್‌ಆಫ್‌ಮೆಮೊರಿಎರರ್

ಹೀಪ್ ತುಂಬಿದ ಕ್ಷಣದಲ್ಲಿ ಜೆವಿಎಂ ತನ್ನ ಮೆಮೊರಿಯ ಪೂರ್ತಿ ಚಿತ್ರವನ್ನು ಡಿಸ್ಕ್‌ಗೆ ಬರೆದಿಡುತ್ತದೆ. ಎಲ್ಲಿ ಬರೆಯಬೇಕೆಂದು ಹೀಪ್‌ಡಂಪ್‌ಪಾತ್ ಫ್ಲ್ಯಾಗ್‌ನಲ್ಲಿ ಹೇಳಿ. ಇಲ್ಲಿ ಫೈಲ್ ಹೆಸರು ಕೊಡಬೇಡಿ, ಡೈರೆಕ್ಟರಿ ಕೊಡಿ. ಆ ಹೆಸರಿನ ಹಳೆ ಫೈಲ್ ಅಲ್ಲಿದ್ದರೆ ಜೆವಿಎಂ ಅದರ ಮೇಲೆ ಬರೆಯುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಡಿಸ್ಕ್‌ನಲ್ಲಿ ಕನಿಷ್ಠ ಹೀಪ್‌ನಷ್ಟು ಖಾಲಿ ಜಾಗ ಇರಲಿ.

ನಾನು ಬಿದ್ದ ಹೊಂಡವನ್ನೂ ಹೇಳಿಬಿಡುತ್ತೇನೆ. ಡಂಪ್‌ಗೆ ಟಿಎಂಪಿ ಡೈರೆಕ್ಟರಿ ಕೊಟ್ಟಿದ್ದೆ. ಡಂಪ್ ಬರೆದಾಯಿತೆಂದು ಲಾಗ್ ಹೇಳಿತು. ನೋಡಿದರೆ ಫೈಲೇ ಇಲ್ಲ! ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಪ್ರೈವೇಟ್‌ಟಿಎಂಪಿ ಆನ್ ಇದ್ದರೆ ಟಾಮ್‌ಕ್ಯಾಟ್‌ಗೆ ಕಾಣುವ ಟಿಎಂಪಿಯೇ ಬೇರೆ. ಸರ್ವಿಸ್ ನಿಲ್ಲಿಸಿದ ಕೂಡಲೇ ಅದರೊಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾನು ರೀಸ್ಟಾರ್ಟ್ ಒತ್ತಿ ಆರನೇ ಸಲವೂ ಸಾಕ್ಷಿ ಅಳಿಸಿದ್ದೆ. ಹಾಗಾಗಿ ಡಂಪ್‌ಗೆಂದೇ ಬೇರೆ ಡೈರೆಕ್ಟರಿ ಮಾಡಿ, ಅದನ್ನು ಟಾಮ್‌ಕ್ಯಾಟ್ ಯೂಸರ್ ಹೆಸರಿಗೆ ಬರೆದುಕೊಡಿ.

ಜಿಸಿ ಲಾಗ್ ಕೂಡ ಆನ್ ಮಾಡಿ. ಜಾವಾ 9ರಿಂದ ಈಚೆಗೆ ಎಕ್ಸ್‌ಲಾಗ್ ಫ್ಲ್ಯಾಗ್, ಜಾವಾ 8ರಲ್ಲಿ ಪ್ರಿಂಟ್‌ಜಿಸಿಡೀಟೇಲ್ಸ್. ಇದರಿಂದ ಸರ್ವರ್ ನಿಧಾನವಾಗುತ್ತದೆ ಎಂದು ಹೆದರಬೇಡಿ. ಎಕ್ಸಿಟ್‌ಆನ್‌ಔಟ್‌ಆಫ್‌ಮೆಮೊರಿಎರರ್ ಎಂಬ ಫ್ಲ್ಯಾಗ್ ಸಹ ನನಗಿಷ್ಟ. ಅರ್ಧ ಜೀವದಲ್ಲಿ ತಪ್ಪು ಬಿಲ್ಲು ಕೊಡುವುದಕ್ಕಿಂತ ಡಂಪ್ ಬರೆದು ಪೂರ್ತಿ ಬೀಳುವುದು ವಾಸಿ. ಸರ್ವಿಸ್ ಫೈಲಿನಲ್ಲಿ ರೀಸ್ಟಾರ್ಟ್ ಆಯ್ಕೆ ಹಾಕಿದ್ದರೆ ಸಿಸ್ಟಂಡಿ ಅದನ್ನು ಮತ್ತೆ ಎಬ್ಬಿಸುತ್ತದೆ.

ಹೆಜ್ಜೆ 4: ನಿಜವಾಗಿ ಲೀಕ್ ಇದೆಯೇ?

ಮೆಮೊರಿ ಲೀಕ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಇಲ್ಲಿ ಏನೂ ಸೋರುವುದಿಲ್ಲ. ನಮ್ಮ ಮಲೆನಾಡಿನ ಮನೆಗಳ ಅಟ್ಟ ನೆನಪಿಸಿಕೊಳ್ಳಿ. ತೂತಾದ ಹಂಡೆ, ಅಜ್ಜನ ಕಂಬಳಿ, ಮೊಂಡಾದ ಮೆಟ್ಟುಗತ್ತಿ, ಎಲ್ಲ ಅಲ್ಲೇ. ಯಾರಿಗೂ ಬೇಡ, ಆದರೆ ಎಸೆಯಲು ಹೋದರೆ "ಅದು ಇರಲಿ ಮಾರಾಯ" ಎಂದು ಯಾರೋ ಒಬ್ಬರು ಹೇಳುತ್ತಾರೆ. ಗಾರ್ಬೇಜ್ ಕಲೆಕ್ಟರ್‌ದೂ ಅದೇ ಪಾಡು. ಯಾರೂ ಹಿಡಿದುಕೊಳ್ಳದ ಆಬ್ಜೆಕ್ಟನ್ನು ಮಾತ್ರ ಅದು ಎಸೆಯಬಲ್ಲದು. ಒಂದೇ ಒಂದು ರೆಫರೆನ್ಸ್ "ಇರಲಿ" ಎಂದರೂ ಮುಟ್ಟುವಂತಿಲ್ಲ. "ಇರಲಿ" ಎನ್ನುತ್ತಿರುವವರು ಯಾರು ಎಂದು ಹುಡುಕುವುದೇ ನಮ್ಮ ಕೆಲಸ.

ಅದಕ್ಕೂ ಮೊದಲು ಅಟ್ಟ ತುಂಬುತ್ತಿದೆಯೋ, ಅಥವಾ ಮನೆಯೇ ಚಿಕ್ಕದೋ ತಿಳಿಯಬೇಕು. ಜೆಸ್ಟ್ಯಾಟ್‌ಗೆ ಜಿಸಿಯುಟಿಲ್ ಆಯ್ಕೆ, ಪ್ರೋಸೆಸ್ ನಂಬರ್, 5000 ಎಂದು ಕೊಟ್ಟರೆ ಐದು ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ "ಓ" ಎಂಬ ಅಂಕಣ ಓಲ್ಡ್ ಜನರೇಶನ್ (ಹೀಪ್‌ನಲ್ಲಿ ಬಹಳ ಹೊತ್ತು ಬದುಕಿದ ಆಬ್ಜೆಕ್ಟ್‌ಗಳ ಜಾಗ) ಶೇಕಡಾ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಅದು 90 ಮುಟ್ಟಿತು ಎಂದು ಗಾಬರಿ ಬೇಡ. ಏರಿ ಇಳಿಯುವುದು ಹೀಪ್‌ನ ಸ್ವಭಾವ.

ಜುಲೈ ಬಂದರೆ ನಮ್ಮ ಜಿಲ್ಲೆಯ ಜನ ದಿನಾ ಲಿಂಗನಮಕ್ಕಿ ನೀರಿನ ಮಟ್ಟ ನೋಡುತ್ತಾರೆ, 1819 ಅಡಿ ಮುಟ್ಟುತ್ತದಾ ಅಂತ. ಲೀಕ್ ಹುಡುಕುವವರು ನೋಡಬೇಕಾದದ್ದು ಜುಲೈ ಮಟ್ಟವನ್ನಲ್ಲ, ಮೇ ಕೊನೆಯ ಮಟ್ಟವನ್ನು. ದೊಡ್ಡ ಜಿಸಿ ಮುಗಿದ ಮೇಲೆ ಉಳಿಯುವ ತಳಮಟ್ಟ ಎಷ್ಟು? ಸೋಮವಾರ 300 ಎಂಬಿ, ಮಂಗಳವಾರ 700, ಬುಧವಾರ 1100 ಎಂದು ತಳವೇ ಮೇಲೇಳುತ್ತಿದ್ದರೆ ಲೀಕ್ ಖಂಡಿತ. ತಳ ಅಲ್ಲೇ ಇದ್ದು, ಒಂದೊಂದು ಸಲ ಮಾತ್ರ ದಿಢೀರ್ ಏರಿ ಬೀಳುತ್ತಿದ್ದರೆ ಲೀಕ್ ಹುಡುಕಿ ಸಮಯ ಹಾಳು ಮಾಡಬೇಡಿ. ಯಾರೋ ದೊಡ್ಡ ವರದಿ ಎಳೆಯುತ್ತಿದ್ದಾರೆ. ಅದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 5: ಮೊದಲು ಪಟ್ಟಿ, ಆಮೇಲೆ ಡಂಪ್

ಮಳೆ ಜೋರಾದರೆ ಕರೆಂಟ್ ಹೋಗುವ, ಕರೆಂಟ್ ಹೋದರೆ ನೆಟ್ ಹೋಗುವ ಊರಿನಲ್ಲಿ 2 ಜಿಬಿ ಡಂಪ್ ಇಳಿಸಿಕೊಳ್ಳುವುದು ತಮಾಷೆಯಲ್ಲ. ಅದಕ್ಕೇ ನಾನು ಮೊದಲು ಕ್ಲಾಸ್ ಹಿಸ್ಟೋಗ್ರಾಂ ತೆಗೆಯುತ್ತೇನೆ. ಜೆಸಿಎಂಡಿ, ಪ್ರೋಸೆಸ್ ನಂಬರ್, ಆಮೇಲೆ ಜಿಸಿ.ಕ್ಲಾಸ್_ಹಿಸ್ಟೋಗ್ರಾಂ. ಯಾವ ಕ್ಲಾಸ್‌ನ ಎಷ್ಟು ಆಬ್ಜೆಕ್ಟ್ ಇವೆ, ಎಷ್ಟು ಬೈಟ್ ತಿನ್ನುತ್ತಿವೆ ಎಂಬ ಪಟ್ಟಿ ಬರುತ್ತದೆ. ಬರೀ ಟೆಕ್ಸ್ಟ್. ಮೇಲಿನ ಐವತ್ತು ಸಾಲನ್ನು ವಾಟ್ಸ್ಆ್ಯಪ್‌ನಲ್ಲೂ ಕಳಿಸಬಹುದು.

ಎರಡು ಎಚ್ಚರಿಕೆ. ಈ ಆಜ್ಞೆ ಒಂದು ಪೂರ್ತಿ ಜಿಸಿ ಓಡಿಸುತ್ತದೆ, ಸರ್ವರ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಗೇ ಟಾಮ್‌ಕ್ಯಾಟ್ ಯಾವ ಯೂಸರ್ ಹೆಸರಿನಲ್ಲಿ ಓಡುತ್ತಿದೆಯೋ ಅದೇ ಯೂಸರ್ ಆಗಿ ಹೊಡೆಯಬೇಕು. ಜೆಸಿಎಂಡಿ ಸಿಗುತ್ತಿಲ್ಲ ಎಂದರೆ ಸರ್ವರ್‌ನಲ್ಲಿ ಜಾವಾ ಓಡಿಸಲು ಬೇಕಾದಷ್ಟೇ ಇರುವ ಜೆಆರ್‌ಇ ಇರಬಹುದು, ಇಂಥ ಸಲಕರಣೆಗಳೂ ಇರುವ ಜೆಡಿಕೆ ಬೇಕು.

ಪಟ್ಟಿಯ ತುದಿಯಲ್ಲಿ ಬೈಟ್ ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್ ನೋಡ್ ಇರುತ್ತವೆ. ಅವು ಎಲ್ಲ ಅಪ್ಲಿಕೇಶನ್‌ನಲ್ಲೂ ಇರುವಂಥವೇ. ನಿಮ್ಮ ಸ್ವಂತ ಪ್ಯಾಕೇಜಿನ ಹೆಸರಿರುವ ಮೊದಲ ಸಾಲು ಹುಡುಕಿ. ಒಂದು ಗಂಟೆ ಬಿಟ್ಟು ಇನ್ನೊಂದು, ಮತ್ತೊಂದು ಗಂಟೆಗೆ ಮೂರನೆಯ ಪಟ್ಟಿ ತೆಗೆದು ಪಕ್ಕಪಕ್ಕ ಇಡಿ. ಬೆಳೆಯುತ್ತಲೇ ಹೋಗುವವನು ಕಣ್ಣಿಗೆ ಬೀಳುತ್ತಾನೆ. ನಮ್ಮ ಪಟ್ಟಿಯಲ್ಲಿ "ದರಕೀಲಿ" ಎಂಬ ಪುಟ್ಟ ಕ್ಲಾಸ್ ಲಕ್ಷಗಟ್ಟಲೆ ಇತ್ತು. ಅಡಿಕೆಯ ದರ್ಜೆ ನಾಲ್ಕು: ರಾಶಿ, ಬೆಟ್ಟೆ, ಸರಕು, ಗೊರಬಲು. ತಿಂಗಳ ದರ ಇಟ್ಟುಕೊಂಡರೂ ದಿನಕ್ಕೆ ನಾಲ್ಕರಂತೆ 120 ಸಾಕು. ಲಕ್ಷ ಎಲ್ಲಿಂದ ಬಂತು?

ಹೆಜ್ಜೆ 6: ಡಂಪ್ ತೆಗೆದು "ಇರಲಿ" ಎಂದವರನ್ನು ಹಿಡಿಯಿರಿ

ಪಟ್ಟಿ ಯಾರು ಜಾಸ್ತಿ ಇದ್ದಾರೆ ಎಂದು ಹೇಳುತ್ತದೆ, ಯಾರು ಹಿಡಿದಿಟ್ಟಿದ್ದಾರೆ ಎಂದು ಹೇಳುವುದಿಲ್ಲ. ಅದಕ್ಕೆ ಡಂಪ್ ಬೇಕು. ಜೆಸಿಎಂಡಿಯಲ್ಲೇ ಜಿಸಿ.ಹೀಪ್_ಡಂಪ್ ಎಂದು ಹೇಳಿ ಫೈಲಿನ ಪೂರ್ತಿ ದಾರಿ ಕೊಡಿ. ಬರೆಯುವವರೆಗೂ ಅಪ್ಲಿಕೇಶನ್ ಸ್ತಬ್ಧ. ಕೌಂಟರ್‌ನಲ್ಲಿ ಜನ ಇರುವಾಗ ಮಾಡಬೇಡಿ, ಮಾಡಲೇಬೇಕಾದರೆ ಮೊದಲೇ ಫೋನ್ ಮಾಡಿ ಹೇಳಿ.

ಡಂಪ್‌ನಲ್ಲಿ ಆ ಕ್ಷಣ ಮೆಮೊರಿಯಲ್ಲಿದ್ದದ್ದೆಲ್ಲ ಇರುತ್ತದೆ. ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಹಂಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೆಲಸ ಮುಗಿದ ಮೇಲೆ ಅಳಿಸಿ.

ಡಂಪ್ ಬಿಚ್ಚಲು ಎಕ್ಲಿಪ್ಸ್ ಮೆಮೊರಿ ಅನಲೈಸರ್, ಚಿಕ್ಕದಾಗಿ ಮ್ಯಾಟ್. ಉಚಿತ. ಲ್ಯಾಪ್‌ಟಾಪ್‌ಗೆ ಇಳಿಸುವಷ್ಟು ನೆಟ್ ಇಲ್ಲದಿದ್ದರೆ ಮ್ಯಾಟ್ ಜೊತೆ ಬರುವ ಪಾರ್ಸ್‌ಹೀಪ್‌ಡಂಪ್ ಎಂಬ ಸ್ಕ್ರಿಪ್ಟನ್ನು ಅಲ್ಲೇ ಪಕ್ಕದ ಟೆಸ್ಟ್ ಸರ್ವರ್‌ನಲ್ಲಿ ಓಡಿಸಿ, ಸಸ್ಪೆಕ್ಟ್ಸ್ ವರದಿ ಕೇಳಿ. ಪುಟ್ಟ ಜಿಪ್ ಫೈಲ್ ಸಿಗುತ್ತದೆ, ಒಳಗೆ ಎಚ್‌ಟಿಎಂಎಲ್ ಪುಟಗಳು. ಆಗುಂಬೆಯ ಮಳೆಯಲ್ಲೂ ಅಷ್ಟು ಇಳಿಯುತ್ತದೆ.

ಮ್ಯಾಟ್‌ನಲ್ಲಿ ಎರಡು ಅಳತೆ ಕಾಣುತ್ತವೆ. ಶ್ಯಾಲೋ ಹೀಪ್ ಎಂದರೆ ಆ ಆಬ್ಜೆಕ್ಟ್ ಒಂದರದ್ದೇ ಗಾತ್ರ. ರಿಟೇನ್ಡ್ ಹೀಪ್ ಎಂದರೆ ಅದು ಹೋದರೆ ಅದರ ಜೊತೆ ಖಾಲಿಯಾಗುವ ಒಟ್ಟು ಜಾಗ. ನೋಡಬೇಕಾದದ್ದು ಎರಡನೆಯದನ್ನು. ಡಾಮಿನೇಟರ್ ಟ್ರೀ ತೆರೆದರೆ ರಿಟೇನ್ಡ್ ದೊಡ್ಡದಿರುವವರು ಮೇಲೆ ಬರುತ್ತಾರೆ. ಅನುಮಾನ ಬಂದ ಆಬ್ಜೆಕ್ಟ್ ಮೇಲೆ ಬಲಕ್ಲಿಕ್ ಮಾಡಿ "ಪಾತ್ ಟು ಜಿಸಿ ರೂಟ್ಸ್" ಕೇಳಿ, ಅದನ್ನು ಹಿಡಿದಿಟ್ಟ ಸರಪಳಿ ಬುಡದವರೆಗೂ ಕಾಣುತ್ತದೆ. ವೀಕ್, ಸಾಫ್ಟ್ ರೆಫರೆನ್ಸ್‌ಗಳನ್ನು ಬಿಟ್ಟು ತೋರಿಸು ಎಂಬ ಆಯ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಸುಳ್ಳು ದಾರಿಗಳೂ ಬರುತ್ತವೆ.

ನಮಗೆ ಬಂದ ದಾರಿ ಚಿಕ್ಕದಿತ್ತು. ಲಕ್ಷಾಂತರ ದರಕೀಲಿ, ಅದನ್ನು ಹಿಡಿದ ಹ್ಯಾಶ್‌ಮ್ಯಾಪ್, ಅದನ್ನು ಹಿಡಿದ ಒಂದು ಸ್ಟ್ಯಾಟಿಕ್ ಫೀಲ್ಡ್. ಬರೆದದ್ದು ನಾನೇ, ಎರಡು ವರ್ಷದ ಹಿಂದೆ. ಪ್ರತಿ ಸಲ ಡೇಟಾಬೇಸ್ ಕೇಳುವುದು ಬೇಡ, ದರ ಮೆಮೊರಿಯಲ್ಲೇ ಇರಲಿ ಎಂದು ಮ್ಯಾಪ್ ಮಾಡಿದ್ದೆ. ತಾರೀಕು ಮತ್ತು ದರ್ಜೆ ಸೇರಿದ ಕ್ಲಾಸನ್ನೇ ಕೀ ಮಾಡಿದ್ದೆ. ಆದರೆ ಆ ಕ್ಲಾಸ್‌ಗೆ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಬರೆದಿರಲಿಲ್ಲ. ಅವಿಲ್ಲದಿದ್ದರೆ ಇವತ್ತಿನ ರಾಶಿ ಮತ್ತು ಇವತ್ತಿನದೇ ರಾಶಿ ಜಾವಾ ಕಣ್ಣಿಗೆ ಬೇರೆಬೇರೆ. ಹಾಗಾಗಿ ಮ್ಯಾಪ್‌ನಲ್ಲಿ ಹುಡುಕಿದ್ದು ಒಮ್ಮೆಯೂ ಸಿಗುತ್ತಿರಲಿಲ್ಲ, ಪ್ರತಿ ಸಲವೂ ಹೊಸದು ಸೇರುತ್ತಿತ್ತು. ಮಳೆಗಾಲದಲ್ಲಿ ದರ ಕೇಳುವವರು ಕಡಿಮೆ, ಮ್ಯಾಪ್ ನಿಧಾನಕ್ಕೆ ಬೆಳೆಯುತ್ತಿತ್ತು, ನಡುವೆ ಯಾವುದೋ ಅಪ್‌ಡೇಟ್‌ಗೆ ರೀಸ್ಟಾರ್ಟ್ ಆಗಿ ಖಾಲಿಯಾಗುತ್ತಿತ್ತು. ಸೀಸನ್‌ನಲ್ಲಿ ಕೌಂಟರ್ ಪರದೆಗಳು ಕ್ಷಣಕ್ಕೊಮ್ಮೆ ದರ ಕೇಳುತ್ತವೆ.

ತಿದ್ದಿದ್ದು ಹತ್ತು ನಿಮಿಷದ ಕೆಲಸ. ಕ್ಲಾಸನ್ನು ರೆಕಾರ್ಡ್ ಮಾಡಿದೆ. ಜಾವಾ 16ರಿಂದ ಪಕ್ಕಾ ಆಗಿ ಬಂದಿರುವ ರೆಕಾರ್ಡ್‌ಗೆ ಈಕ್ವಲ್ಸ್, ಹ್ಯಾಶ್‌ಕೋಡ್ ತಾನಾಗಿ ಸಿಗುತ್ತವೆ. ಸ್ಟ್ಯಾಟಿಕ್ ಮ್ಯಾಪ್ ಕಿತ್ತು ಕೆಫೀನ್ ಲೈಬ್ರರಿಯ ಕ್ಯಾಶ್ ಹಾಕಿ, ಗರಿಷ್ಠ ಸಂಖ್ಯೆ ಮತ್ತು ಅವಧಿ ಎರಡನ್ನೂ ಕಟ್ಟಿದೆ. ಮಿತಿ ಇಲ್ಲದ ಕ್ಯಾಶ್‌ಗೆ ಕ್ಯಾಶ್ ಎನ್ನಬಾರದು, ಅದು ಅಟ್ಟ.

ಉಳಿದ ಮಾಮೂಲಿ ಕಳ್ಳರು

ನಿಮ್ಮ ದಾರಿ ಥ್ರೆಡ್‌ಲೋಕಲ್‌ಗೆ, ಅಂದರೆ ಒಂದೊಂದು ಥ್ರೆಡ್‌ನ ಸ್ವಂತ ಜೇಬಿಗೆ, ಹೋಗಿ ಮುಟ್ಟಬಹುದು. ಟಾಮ್‌ಕ್ಯಾಟ್‌ನ ಥ್ರೆಡ್‌ಗಳು, ಸಾಮಾನ್ಯವಾಗಿ 200ರವರೆಗೆ, ರಿಕ್ವೆಸ್ಟ್ ಮುಗಿದರೂ ಸಾಯುವುದಿಲ್ಲ. ಅದರಲ್ಲಿ ಇಟ್ಟದ್ದು ಅಲ್ಲೇ ಉಳಿಯುತ್ತದೆ. ಫೈನಲಿ ಬ್ಲಾಕ್‌ನಲ್ಲಿ ರಿಮೂವ್ ಕರೆಯಿರಿ.

ಸೆಷನ್‌ಗೆ ಹೋಗಿ ಮುಟ್ಟಿದರೆ, ಹುಡುಕಾಟದ ಫಲಿತಾಂಶದ ಪೂರ್ತಿ ಲಿಸ್ಟನ್ನು ಯಾರೋ ಸೆಷನ್‌ನಲ್ಲಿ ತುರುಕಿದ್ದಾರೆ. ಟಾಮ್‌ಕ್ಯಾಟ್‌ನಲ್ಲಿ ಬೇರೆ ಹೇಳದಿದ್ದರೆ ಸೆಷನ್ 30 ನಿಮಿಷ ಸುಮ್ಮನಿದ್ದ ಮೇಲಷ್ಟೇ ಸಾಯುತ್ತದೆ. ಪುಟವೇ ಪ್ರತಿ ನಿಮಿಷ ರಿಫ್ರೆಶ್ ಆಗುತ್ತಿದ್ದರೆ ಸಾಯುವುದೇ ಇಲ್ಲ.

ರೀಡಿಪ್ಲಾಯ್ ಮಾಡಿದಾಗೆಲ್ಲ ಮೆಮೊರಿ ಏರುತ್ತಿದ್ದರೆ ಹಳೆ ಕ್ಲಾಸ್‌ಲೋಡರ್ ಉಳಿದಿದೆ. ಡಂಪ್‌ನಲ್ಲಿ ಪ್ಯಾರಲಲ್‌ವೆಬ್‌ಆ್ಯಪ್‌ಕ್ಲಾಸ್‌ಲೋಡರ್ ಎಷ್ಟಿವೆ ಎಣಿಸಿ. ಅಪ್ಲಿಕೇಶನ್‌ಗಳ ಸಂಖ್ಯೆಗಿಂತ ಜಾಸ್ತಿ ಇದ್ದರೆ ಹಳೆ ದೆವ್ವಗಳು ಓಡಾಡುತ್ತಿವೆ. ನಾವೇ ಶುರುಮಾಡಿ ನಿಲ್ಲಿಸದ ಟೈಮರ್ ಥ್ರೆಡ್, ಅಪ್ಲಿಕೇಶನ್ ಒಳಗೇ ಇಟ್ಟ ಡೇಟಾಬೇಸ್ ಡ್ರೈವರ್, ಇವೇ ಕಾರಣ. ಟಾಮ್‌ಕ್ಯಾಟ್ ಪಾಪ, ಲಾಗ್‌ನಲ್ಲಿ ಎಚ್ಚರಿಕೆ ಕೊಟ್ಟೇ ಇರುತ್ತದೆ. ನಾವು ಓದುವುದಿಲ್ಲ.

ಮೆಮೊರಿ ಸರಿಯಿದ್ದೂ ಪುಟ ನಿಂತಿದ್ದರೆ ಡೇಟಾಬೇಸ್ ಕನೆಕ್ಷನ್ ಲೀಕ್ ಇರಬಹುದು. ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಹಿಕಾರಿ ಪೂಲ್‌ನಲ್ಲಿ ನೀವು ಬದಲಿಸದಿದ್ದರೆ ಇರುವುದು 10 ಕನೆಕ್ಷನ್. ಹತ್ತು ಜನ ತೆಗೆದುಕೊಂಡು ವಾಪಸ್ ಕೊಡದಿದ್ದರೆ ಹನ್ನೊಂದನೆಯವನು 30 ಸೆಕೆಂಡ್ ಕಾದು ಎರರ್ ಪಡೆಯುತ್ತಾನೆ. ಲೀಕ್‌ಡಿಟೆಕ್ಷನ್‌ಥ್ರೆಶೋಲ್ಡ್ ಆನ್ ಮಾಡಿ, ಯಾವ ಸಾಲಿನ ಕೋಡ್ ಹಿಡಿದುಕೊಂಡಿದೆ ಎಂದು ಲಾಗ್ ಹೇಳುತ್ತದೆ. ಜಾವಾ 7ರಿಂದಲೂ ಟ್ರೈ-ವಿತ್-ರಿಸೋರ್ಸಸ್ ಇದೆ. ಇನ್ನೂ ಕೈಯಲ್ಲಿ ಕ್ಲೋಸ್ ಬರೆಯುವುದು ಎಂತಕ್ಕೆ?

ಇನ್ನು ತಳ ಏರದೆ ದಿಢೀರ್ ಬೀಳುವ ಕೇಸ್. ನಮ್ಮ ಕಡೆಯ ಆಫೀಸ್ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಎಕ್ಸೆಲ್ ಎಂದು ನನ್ನ ಗುಮಾನಿ. ಆಡಿಟರ್ ಬಂದ ದಿನ ಇಡೀ ವರ್ಷದ ಲೆಡ್ಜರ್ ಡೌನ್‌ಲೋಡ್ ಒತ್ತುತ್ತಾರೆ. ಮೈಎಸ್‌ಕ್ಯೂಎಲ್ ಡ್ರೈವರ್ ಬೇರೆ ಹೇಳದಿದ್ದರೆ ಪೂರ್ತಿ ಫಲಿತಾಂಶವನ್ನು ಒಂದೇ ಸಲ ಮೆಮೊರಿಗೆ ತರುತ್ತದೆ. ಅದನ್ನು ನಾವು ಲಿಸ್ಟ್ ಮಾಡುತ್ತೇವೆ, ಆಮೇಲೆ ಎಕ್ಸೆಲ್ ಫೈಲ್ ಬರೆಯುವ ಲೈಬ್ರರಿ ಅಪಾಚೆ ಪಿಒಐನ ಎಕ್ಸ್‌ಎಸ್‌ಎಸ್‌ಎಫ್ ಅದನ್ನೇ ಹಾಳೆಯಾಗಿ ಮತ್ತೆ ಮೆಮೊರಿಯಲ್ಲಿ ಕಟ್ಟುತ್ತದೆ. ಒಂದೇ ಲೆಡ್ಜರ್, ಮೂರು ಪ್ರತಿ. ಅದೇ ಲೈಬ್ರರಿಯ ಎಸ್‌ಎಕ್ಸ್‌ಎಸ್‌ಎಸ್‌ಎಫ್ ಬಳಸಿ. ಅದು ಮೆಮೊರಿಯಲ್ಲಿ ಸಾಮಾನ್ಯವಾಗಿ 100 ಸಾಲು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಡಿಸ್ಕ್‌ಗೆ ತಳ್ಳುತ್ತದೆ. ಡೇಟಾಬೇಸ್‌ನಿಂದಲೂ ತುಂಡುತುಂಡಾಗಿ ಓದಿ.

ಹೆಜ್ಜೆ 7: ಸರಿಯಾಯಿತು ಎಂದು ಹೇಗೆ ಗೊತ್ತು?

ಟೆಸ್ಟ್ ಮೆಷಿನ್‌ನಲ್ಲಿ ಎಕ್ಸ್‌ಎಂಎಕ್ಸ್ 256 ಎಂಬಿಗೆ ಇಳಿಸಿ. ಲೋಡ್ ಪರೀಕ್ಷೆ ಮಾಡುವ ಜೆಮೀಟರ್‌ನಲ್ಲಿ ಅನುಮಾನದ ಪುಟವನ್ನು ಸಾವಿರಾರು ಸಲ ಕೇಳಿಸಿ. ಹಳೆ ಕೋಡ್ ಸಣ್ಣ ಹೀಪ್‌ನಲ್ಲಿ ಬೇಗ ಬೀಳಬೇಕು, ಹೊಸದು ನಿಲ್ಲಬೇಕು. ಹಳೆಯದೂ ಬೀಳದಿದ್ದರೆ ನೀವು ಹಿಡಿದದ್ದು ಬೇರೆ ಕಳ್ಳನನ್ನು, ಹೆಜ್ಜೆ 5ಕ್ಕೆ ವಾಪಸ್ ಹೋಗಿ.

ಪ್ರೊಡಕ್ಷನ್‌ಗೆ ಹಾಕಿದ ಮೇಲೆ ತಳಮಟ್ಟವನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಿ. ಎರಡು ವಾರ ಸಾಕು.

ಈ ಎರಡು ವಾರ ಶುರುವಾಗುವ ಮೊದಲು ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳ ಪಟ್ಟಿ ಕ್ರಾನ್‌ಟ್ಯಾಬ್ ತೆರೆದು ನೋಡಿ. ರಾತ್ರಿ ಎರಡು ಗಂಟೆಗೆ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡುವ ಸಾಲನ್ನು ಯಾರಾದರೂ ಹಾಕಿಟ್ಟಿರಬಹುದು. ಅದು ಇರುವವರೆಗೆ ತಳ ಪ್ರತಿ ರಾತ್ರಿ ಸೊನ್ನೆಗೆ ಬರುತ್ತದೆ, ಲೀಕ್ ಇದ್ದರೂ ಕಾಣುವುದಿಲ್ಲ. ನಮ್ಮ ಸರ್ವರ್‌ನಲ್ಲಿ ಇನ್ನೊಬ್ಬ ಗ್ರಾಹಕರ ಅಪ್ಲಿಕೇಶನ್‌ಗೆ ಅಂಥ ಸಾಲು ಇತ್ತು. ತೆಗೆದೆ. ನಾಲ್ಕನೇ ದಿನ ಅದೂ ಬಿತ್ತು, ಈ ಸಲ ಡಂಪ್ ಸಮೇತ.